ಅಂಕಪಟ್ಟಿ ಮುಗಿದ ಮೇಲಿನ ಪ್ರಶ್ನೆ

ಕಾಲೇಜು ಸೇರುವ ಹೊತ್ತಿಗೆ ಸಿಗುವ ವಿದ್ಯಾರ್ಥಿವೇತನಗಳು ಮೂರು ಬಗೆ. ಕೆಲವು ಬರೀ ಅಂಕ ನೋಡುತ್ತವೆ. ಕೆಲವು ಅಂಕದ ಜೊತೆ ಮನೆಯ ವರಮಾನವನ್ನೂ ನೋಡುತ್ತವೆ. ಇನ್ನು ಕೆಲವು, ಓದಿನಾಚೆ ಓಣಿಗೆ, ಊರಿಗೆ ಏನು ಮಾಡಿದ್ದೀಯ ಎಂದು ಕೇಳುತ್ತವೆ.

ಎರಡನೆಯ ಬಗೆಯದು ಕೇಂದ್ರ ಸರ್ಕಾರದ ಯೋಜನೆ. ವರ್ಷಕ್ಕೆ 82,000 ಹೊಸ ವೇತನ, ಪದವಿ ಓದುವವರಿಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 4.5 ಲಕ್ಷ ದಾಟಬಾರದು. ಪುಣೆಯ ಖರಾಡಿಯ ನಮ್ಮ ಕನ್ನಡ ಮನೆಗಳವರು ಎಡವುವುದು ಅಲ್ಲಿ ಬರುವ 80 ಪರ್ಸೆಂಟೈಲ್ ಎಂಬಲ್ಲಿ. ಅದು ನೂರಕ್ಕೆ ಎಂಬತ್ತು ಅಂಕವಲ್ಲ. ನಿಮ್ಮ ಬೋರ್ಡಿನಲ್ಲಿ, ನಿಮ್ಮ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಭಾಗದೊಳಗೆ ಇರಬೇಕು, ಅಷ್ಟೇ. ಒಂದು ಬೋರ್ಡಿನಲ್ಲಿ 78 ಸಾಕಾಗಬಹುದು, ಇನ್ನೊಂದರಲ್ಲಿ 85 ಕೂಡ ಸಾಲದೆ ಹೋಗಬಹುದು.

ನನಗೆ ಹೇಳಿ ದಣಿವಾಗದ್ದು ಮೂರನೆಯ ಬಗೆ. ಅದರ ಹಳೆಯ ಮಾದರಿ 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್‌ನ ಮೃತ್ಯುಪತ್ರ. ಆಸಾಮಿ ಆಫ್ರಿಕಾದಲ್ಲಿ ಮಾಡಿದ್ದು ಹೊಗಳುವಂಥದ್ದಲ್ಲ, ಆದರೆ ಆ ಕಾಗದ ಓದಬೇಕಾದದ್ದು. ಅದರಿಂದ ಹುಟ್ಟಿದ ರೋಡ್ಸ್ ವಿದ್ಯಾರ್ಥಿವೇತನದ ಆಯ್ಕೆಯಲ್ಲಿ ಓದಿಗೆ ಅರ್ಧಕ್ಕಿಂತ ಕಡಿಮೆ ಪಾಲು. ಉಳಿದದ್ದು ಆಟಕ್ಕೆ, ದುರ್ಬಲರ ಬಗೆಗಿನ ಕಾಳಜಿಯಂಥ ಗುಣಕ್ಕೆ, ಜೊತೆಯವರನ್ನು ಮುನ್ನಡೆಸುವ ಒಲವಿಗೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಇದೇ ವೇತನದ ಮೇಲೆ. ಅಲ್ಲಿ ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರಾದರು. ಮುಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರೂ ಆದರು.

ಈ ಮೂರನೆಯ ಬಗೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ, ಸಮಾಜಸೇವೆ ಎಂದರೆ ಸರ್ಟಿಫಿಕೇಟ್ ಎಂಬುದು. ಗಿಡ ನೆಟ್ಟಿದ್ದಕ್ಕೊಂದು, ಮ್ಯಾರಥಾನ್ ಓಡಿದ್ದಕ್ಕೊಂದು, ಫೈಲು ದಪ್ಪವಾಗುತ್ತದೆ. ಸಂದರ್ಶನಕ್ಕೆ ಕೂತವರು ಅಂಥ ಫೈಲುಗಳನ್ನು ದಿನವಿಡೀ ನೋಡಿರುತ್ತಾರೆ.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅಪ್ಪ ಇಯಾನ್ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಾರೆ. ಅವರ ಅಪಾರ್ಟ್‌ಮೆಂಟಿನ ಹಿಂದೆ ಕಟ್ಟಡದ ಕೆಲಸ ನಡೆದಿದೆ. ಪತ್ರಾಸ್ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳಿವೆ. ಮಕ್ಕಳಿಗೆ ಮನೆಮಾತು ಕನ್ನಡ, ಶಾಲೆ ಮರಾಠಿ. ಈಕೆಗೆ ಎರಡೂ ಬರುತ್ತವೆ. ಶನಿವಾರ ಸಂಜೆ ಹೋಗಿ ಮರಾಠಿ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಅರ್ಜಿಯಲ್ಲಿ ‘ಬಡ ಮಕ್ಕಳಿಗೆ ಕಲಿಸಿದೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಕೇಳುವವರಿಗೆ ಬೇಕಾದದ್ದು ಬೇರೆ. ಮೊದಲ ವಾರ ಎಷ್ಟು ಮಕ್ಕಳು ಬಂದರು, ಮೂರು ತಿಂಗಳ ಮೇಲೆ ಎಷ್ಟು ಜನ ಉಳಿದರು? ಬಿಟ್ಟವರು ಯಾಕೆ ಬಿಟ್ಟರು? ತಮ್ಮನನ್ನು ಎತ್ತಿಕೊಳ್ಳಬೇಕಿದ್ದ ಅಕ್ಕನನ್ನು ಕೂಸಿನ ಸಮೇತ ಒಳಗೆ ಕೂರಿಸಿಕೊಂಡೆಯಾ? ಕಟ್ಟಡ ಮುಗಿದು ಕುಟುಂಬಗಳು ವಾಘೋಲಿಗೆ ಹೋದಾಗ ಏನು ಮಾಡಿದೆ?

ಕಡೆಯ ಪ್ರಶ್ನೆಗೆ ‘ಏನೂ ಮಾಡಲಾಗಲಿಲ್ಲ, ಶಾಲೆಯ ದಾಖಲೆ ವರ್ಗಾಯಿಸುವುದು ಹೇಗೆಂದು ಆಗ ಗೊತ್ತಿರಲಿಲ್ಲ’ ಎಂದರೂ ಅದು ಒಳ್ಳೆಯ ಉತ್ತರವೇ. ನಿಜಕ್ಕೂ ಅಲ್ಲಿಗೆ ಹೋಗಿದ್ದವಳಷ್ಟೇ ಹಾಗೆ ಹೇಳಬಲ್ಲಳು. ಶಿಫಾರಸು ಪತ್ರಕ್ಕೂ ಇದೇ ಮಾತು: ಪರಿಚಯದ ದೊಡ್ಡ ಅಧಿಕಾರಿಗಿಂತ ಆ ಶನಿವಾರಗಳನ್ನು ಕಂಡಿರುವ ಮುನ್ಸಿಪಾಲಿಟಿ ಶಾಲೆಯ ಬಾಯಿ, ಅಂದರೆ ಶಿಕ್ಷಕಿ, ಬರೆದದ್ದು ಹೆಚ್ಚು ತೂಗುತ್ತದೆ.

ಇನ್ನೊಂದು ಮೃತ್ಯುಪತ್ರದ ಬಗ್ಗೆ ಹೇಳದೆ ಬಿಡಲಾರೆ. ರೋಡ್ಸ್ ಸತ್ತ ನಾಲ್ಕೇ ವರ್ಷಕ್ಕೆ, 1906ರಲ್ಲಿ, ಬೆಳಗಾವಿ ಜಿಲ್ಲೆಯ ಶಿರಸಂಗಿಯ ದೇಸಾಯಿ ಲಿಂಗರಾಜರು ತೀರಿಕೊಂಡರು, ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟು. ನವಲಗುಂದ-ಶಿರಸಂಗಿ ಟ್ರಸ್ಟ್ ನಡೆದುಬಂದದ್ದು ಅದರಿಂದಲೇ. ಆ ಹಣದಲ್ಲಿ ಓದಿದವರು ಮುಂದೆ ಊರಿಗೆ ಏನು ಮಾಡಿದರು? ನಿಮ್ಮ ಮನೆಯ ಹಿರಿಯರಲ್ಲಿ ಅಂಥವರಿದ್ದರೆ ಈ ದೀಪಾವಳಿಗೆ ಊರಿಗೆ ಹೋದಾಗ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ರಸೀದಿ, ಪತ್ರ ಸಿಕ್ಕರೆ ಫೋಟೋ ತೆಗೆದುಕೊಳ್ಳಿ.