ನೂರು ಮೀಟರ್ ಅಳೆದ ಅಪ್ಪ

ಸಿನ್ನರದ ಗೋಂದೇಶ್ವರ ಗುಡಿಯ ಮುಂದೆ ಕಾರು ನಿಲ್ಲಿಸಿದಾಗ ಅಪ್ಪ ಗುಡಿಯ ಕಡೆ ನೋಡಲೇ ಇಲ್ಲ. ಪೌಳಿಯ ಗೋಡೆಗೆ ಬೆನ್ನು ಮಾಡಿ, ಊರಿನ ಮನೆಗಳ ಕಡೆಗೆ ಹೆಜ್ಜೆ ಹಾಕುತ್ತ, ಬಾಯಲ್ಲೇ ಎಣಿಸುತ್ತ ಹೊರಟುಬಿಟ್ಟ. ನನ್ನ ಮಗಳು ಅಜ್ಜನ ಹಿಂದೆ ಓಡಿದಳು. ನೂರಾ ನಲವತ್ತು ಹೆಜ್ಜೆ ಆದ ಮೇಲೆ ಇಬ್ಬರೂ ತಿರುಗಿ ಬಂದರು.

‘ಬಯಲು ಐತಿ ಇವರಿಗೆ’ ಎಂದ ಅಪ್ಪ. ‘ನಮಗ ಎಲ್ಲೈತಿ?’

ನಮ್ಮೂರು ಹುನಗುಂದ ತಾಲ್ಲೂಕಿನ ಐಹೊಳೆ. ಊರಿನ ಒಳಗೂ ಸುತ್ತಲೂ ನೂರಕ್ಕಿಂತ ಹೆಚ್ಚು ಗುಡಿಗಳಿವೆ. ಗುಡಿಗಳ ನಡುವೆ ಊರೋ, ಊರಿನ ನಡುವೆ ಗುಡಿಗಳೋ ಎಂದು ಪ್ರವಾಸಿಗರು ಕೇಳುತ್ತಾರೆ. ಲಾಡಖಾನ್ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳಲ್ಲೇ ಉತ್ತರವಿದೆ. ಲಾಡಖಾನ್ ಎಂಬಾತ ಆ ಗುಡಿಯಲ್ಲೇ ಸಂಸಾರ ಹೂಡಿದ್ದ. ಅಲ್ಲಿ ದೇವರು ಖಾಲಿ ಮಾಡಿದ ಮನೆಗಳಲ್ಲಿ ಮನುಷ್ಯರು ಇದ್ದರು, ಮನುಷ್ಯರ ಮನೆಗಳು ದೇವರ ಗೋಡೆಗೆ ಆತುಕೊಂಡವು. ನಮ್ಮ ಮನೆಯೂ ಅಂಥದ್ದೇ. ಮಣ್ಣಿನ ಮಾಳಿಗೆ ಮನೆ. ಜಂತಿಗಳಿಗೆ ಗೆದ್ದಲು ಹಿಡಿದಿದೆ, ಮಳೆ ಬಂದರೆ ಅಡುಗೆಮನೆಯಲ್ಲಿ ಮೂರು ಕಡೆ ಪಾತ್ರೆ ಇಡಬೇಕು. ಅದನ್ನು ಕೆಡವಿ ಎರಡು ಕೋಣೆಯ ಆರ್‌ಸಿಸಿ ಮನೆ ಕಟ್ಟಬೇಕೆಂಬುದು ಅಪ್ಪನ ಹತ್ತು ವರ್ಷದ ಆಸೆ. ದುಡ್ಡು ನಾನು ಕೊಡುತ್ತೇನೆ. ಆದರೆ ಕಟ್ಟುವಂತಿಲ್ಲ. ಹಿಂದಿನ ಗುಡಿಯ ಪಕ್ಕದಲ್ಲಿ ನಿಂತ ನೀಲಿ ಫಲಕ ಅದನ್ನು ಬಿಡುವುದಿಲ್ಲ.

ಓಝರ್‌ಗೆ ನಾವು ಬಂದು ಆರು ವರ್ಷವಾಯಿತು. ಹೆಂಡತಿಗೆ ಇಲ್ಲಿನ ಎಚ್‌ಎಎಲ್‌ನಲ್ಲಿ ಕೆಲಸ. ನಾನು ನಾಶಿಕದ ಒಂದು ಕಂಪನಿಗೆ ಮನೆಯಿಂದಲೇ ಕೋಡ್ ಬರೆಯುತ್ತೇನೆ. ಸುತ್ತ ದ್ರಾಕ್ಷಿ ತೋಟ, ತಲೆಯ ಮೇಲೆ ಸುಖೋಯ್ ಸದ್ದು. ಅಪ್ಪ ಬಂದಾಗ ಮೊದಲ ಎರಡು ದಿನ ವಿಮಾನ ನೋಡುತ್ತಾನೆ, ಮೂರನೆಯ ದಿನಕ್ಕೆ ಬೇಸರ. ಹಾಗಾಗಿ ಈ ಸಲ ಎರಡು ಜಿಲ್ಲೆಗಳ ಹಳೆಯ ಜಾಗಗಳನ್ನೆಲ್ಲ ತೋರಿಸುವುದೆಂದು ರಜೆ ಹಾಕಿದೆ. ಅಪ್ಪ ಹೋದಲ್ಲೆಲ್ಲ ನೂರು ಮೀಟರ್ ಅಳೆಯುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಸಿನ್ನರ ನೋಡಲೇಬೇಕಾದ ಊರು. ನಾಶಿಕ–ಪುಣೆ ರಸ್ತೆಯಲ್ಲಿದೆ. ದೇವಗಿರಿಗೆ ಹೋಗುವ ಮೊದಲು ಸೇವುಣರು ಆಳುತ್ತಿದ್ದದ್ದು ಇಲ್ಲಿಂದಲೇ, ಆಗಿನ ಹೆಸರು ಸಿಂದಿನಗರ. ನಡುವೆ ಶಿವ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಗುಡಿ, ಎದುರಿಗೆ ನಂದಿಮಂಟಪ. ಕಪ್ಪು ಕಲ್ಲಿನ ಶಿಖರದ ಮೈತುಂಬ ಸಣ್ಣ ಸಣ್ಣ ಶಿಖರಗಳ ಸಾಲು. ಈ ಸೇವುಣರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ, ನಾಣ್ಯಗಳ ಮೇಲೂ ಕನ್ನಡ ಅಕ್ಷರಗಳಿವೆ. ಪಕ್ಕದ ಮನೆಯ ಕಾಕಾ ಅವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾನೂ ವಾದ ಬೆಳೆಸುವುದಿಲ್ಲ. ಚಹಾ ಅವರ ಮನೆಯದು.

ನಮ್ಮೂರಿಗೂ ಈ ಸೀಮೆಗೂ ನಂಟು ಅದಕ್ಕಿಂತ ಹಳೆಯದು. ಐಹೊಳೆಯ ಮೇಗುಟಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಲ್ಲಿ ಇಮ್ಮಡಿ ಪುಲಕೇಶಿ 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದ ಎಂಬ ಮಾತಿದೆ. ಹ್ಯೂಯೆನ್‌ತ್ಸಾಂಗ್ ವರ್ಣಿಸಿದ ಪುಲಕೇಶಿಯ ರಾಜಧಾನಿ ನಾಶಿಕವೇ ಇರಬೇಕೆಂದು ಫ್ಲೀಟ್ ವಾದಿಸಿದ್ದ. ಶಾಲೆಯಲ್ಲಿದ್ದಾಗ ಮೇಗುಟಿ ಗುಡ್ಡ ಹತ್ತಿ ಆಡಿದವನು ನಾನು. ಆ ಗೋಡೆ ಓಝರ್ ಬಗ್ಗೆಯೂ ಮಾತಾಡುತ್ತಿದೆ ಎಂದು ಆಗ ಯಾರಿಗೆ ಗೊತ್ತು.

ಈಗ ಆ ನೂರು ಮೀಟರಿನ ಕಥೆ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. 1992ರ ಜೂನ್ 16ರ ಅಧಿಸೂಚನೆಯಲ್ಲಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದಾಯಿತು. 2010ರ ತಿದ್ದುಪಡಿ ಅದನ್ನು ಬಿಗಿ ಮಾಡಿತು: ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಿದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. 1992ರ ಆ ದಿನಕ್ಕಿಂತ ಮೊದಲಿದ್ದ ಮನೆಯ ರಿಪೇರಿಗೆ ಮಾತ್ರ ಅರ್ಜಿ ಹಾಕಬಹುದು. ನೂರು ಎಂಬ ಸಂಖ್ಯೆಯನ್ನು ನೋಡಿದಾಗಲೆಲ್ಲ ನನಗೆ ಯಾರೋ ಅವಸರದಲ್ಲಿ ಹಾರ್ಡ್‌ಕೋಡ್ ಮಾಡಿಟ್ಟ ಹಾಗೆ ಕಾಣುತ್ತದೆ. ಔರಂಗಾಬಾದಿನ ಬೀಬಿ ಕಾ ಮಕ್ಬರಾಕ್ಕೂ ಅದೇ ನೂರು, ನಮ್ಮ ಹಿತ್ತಲಿನ ಆಳೆತ್ತರದ ಗುಡಿಗೂ ಅದೇ ನೂರು. ಪ್ರತಿ ಸ್ಮಾರಕಕ್ಕೂ ಅದರದೇ ಉಪನಿಯಮ ಇರಬೇಕೆಂದು 2010ರ ತಿದ್ದುಪಡಿಯೇ ಹೇಳುತ್ತದೆ.

ಅಮೆರಿಕದ ಹಳ್ಳಿಗಾಡಿನ ಒಂದು ಕೌಂಟಿಯಲ್ಲಿ ನನ್ನ ಎಂಟೆಕ್ ಗೆಳೆಯನಿದ್ದಾನೆ. ಅವನ ಬೀದಿಯ ಹಳೆಯ ಮನೆಯೊಂದು ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿದೆ. 1966ರಲ್ಲಿ ಶುರುವಾದ ಪಟ್ಟಿ. ಸ್ವಂತ ದುಡ್ಡಿನಲ್ಲಿ ಮಾಲೀಕ ಏನು ಬೇಕಾದರೂ ಮಾಡಿಕೊಳ್ಳಲಿ, ಆ ಪಟ್ಟಿ ತಡೆಯುವುದಿಲ್ಲವಂತೆ. ಕೇಳಿ ಮೊದಲು ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದೆ, ಐಹೊಳೆಯಲ್ಲಿ ಹಾಗೆ ಬಿಟ್ಟಿದ್ದರೆ? 2013ರಲ್ಲಿ ಮಹಾಲೇಖಪಾಲರ ವರದಿ ಬಂತು. 1,655 ಸಂರಕ್ಷಿತ ಸ್ಮಾರಕಗಳನ್ನು ಸ್ಥಳಕ್ಕೇ ಹೋಗಿ ನೋಡಿದರೆ 92 ಇರಲೇ ಇಲ್ಲ. ಫಲಕ ಇದ್ದೂ ಮಾಯ. 2024ರಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದಲೇ ಕೈಬಿಡುವ ಹಂತಕ್ಕೆ ಬಂತು.

ಮರುದಿನ ಪಾಂಡವಲೇಣಿ ಹತ್ತಿದೆವು. ಮುಂಬಯಿ–ಆಗ್ರಾ ಹೆದ್ದಾರಿಗೆ ತಾಗಿದ ಗುಡ್ಡ, 24 ಗುಹೆಗಳು. ಅಪ್ಪ ಮೆಟ್ಟಿಲು ಹತ್ತಿ ದಣಿದು ಹತ್ತನೆಯ ಗುಹೆಯ ಮೊಗಸಾಲೆಯಲ್ಲಿ ಕೂತ. ಅಲ್ಲಿ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ, ಸುಮಾರು 1,900 ವರ್ಷದ ಹಿಂದಿನವು. ಭಿಕ್ಷುಗಳ ಬಟ್ಟೆಬರೆಗೆಂದು ಆತ 3,000 ಕಹಾಪಣಗಳನ್ನು ಗೋವರ್ಧನದ ನೇಕಾರರ ಎರಡು ಸಂಘಗಳಲ್ಲಿ ಠೇವಣಿ ಇಟ್ಟ: 2,000ಕ್ಕೆ ತಿಂಗಳಿಗೆ ಶೇಕಡಾ ಒಂದು ಬಡ್ಡಿ, 1,000ಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಇದನ್ನೆಲ್ಲ ಸಭೆಯಲ್ಲಿ ಓದಿ ಹೇಳಿ, ದಫ್ತರದಲ್ಲಿ ನೋಂದಾಯಿಸಿದ್ದೇವೆ ಎಂದೂ ಕೊರೆಸಿದ್ದಾನೆ. ನಾನು ಓದಿಕೊಂಡಿದ್ದನ್ನು ಅಪ್ಪನಿಗೆ ಹೇಳಿದೆ.

ಅಪ್ಪ ಕಲ್ಲನ್ನೇ ನೋಡುತ್ತ ಬಹಳ ಹೊತ್ತು ಕೂತ. ‘ಅವರ ಕಾಗದ ಇನ್ನೂ ಐತಿ ನೋಡಪಾ’ ಎಂದ. ‘ನಮ್ಮ ಮನೀದು ಎಲ್ಲೈತಿ?’

ನಮ್ಮ ನಿಜವಾದ ತೊಡಕು ಅದೇ. ರಿಪೇರಿಗೆ ಅರ್ಜಿ ಹಾಕಬೇಕಾದರೆ 1992ಕ್ಕೆ ಮೊದಲು ಮನೆ ಇತ್ತೆಂದು ತೋರಿಸಬೇಕು. ಮನೆ ಅಜ್ಜನಿಗಿಂತ ಹಳೆಯದು, ಊರಿಗೆಲ್ಲ ಗೊತ್ತು. ಆದರೆ ಉತಾರ ಇನ್ನೂ ಅಜ್ಜನ ಹೆಸರಿನಲ್ಲಿದೆ, ವಾರಸಾ ಮಾಡಿಸಿಕೊಂಡಿಲ್ಲ, ಹಳೆಯ ಪಾವತಿಗಳು ಕೈಗೆ ಸಿಗುತ್ತಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ, ನಮ್ಮದೇ ಆಲಸ್ಯ. ಆದರೆ ‘ಪಾವತಿ ಸಿಕ್ಕರೂ ನಾ ಅರ್ಜಿ ಹಾಕೂದಿಲ್ಲ’ ಎಂದು ಅಪ್ಪ ವರ್ಷದಿಂದ ಹೇಳುತ್ತಿದ್ದದ್ದು ಯಾಕೆಂದು ಮಾತ್ರ ನನಗೆ ತಿಳಿದಿರಲಿಲ್ಲ.

ಅದು ಗೊತ್ತಾದದ್ದು ಎಲ್ಲೋರಾದಲ್ಲಿ.

ಓಝರ್‌ನಿಂದ ಯೇವಲಾ, ವೈಜಾಪುರ ದಾಟಿ ಬೆಳಿಗ್ಗೆ ಹತ್ತಕ್ಕೆ ತಲುಪಿದೆವು. 34 ಗುಹೆಗಳಲ್ಲಿ ಹದಿನಾರನೆಯದಕ್ಕೇ ಮೊದಲು ಹೋದದ್ದು. ಅಪ್ಪ ಕೈಲಾಸದ ಅಂಗಳಕ್ಕೆ ಕಾಲಿಟ್ಟವನೇ ನಿಂತ. ಹೆಜ್ಜೆ ಅಳೆಯಲಿಲ್ಲ. ‘ಇದು ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿ ಅಲ್ಲೇನ?’ ಎಂದ. ಯಾವ ಪುಸ್ತಕವನ್ನೂ ಓದದೆ ಹೇಳಿದ ಮಾತು. ಪಂಡಿತರೂ ಈ ಹೋಲಿಕೆಯನ್ನೇ ಹೇಳುತ್ತಾರೆ. ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದನ್ನು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಇಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದರು. ಹಿಂಬದಿಯಲ್ಲಿ ಬಂಡೆಯನ್ನು ನೂರು ಅಡಿಗೂ ಹೆಚ್ಚು ಕಡಿದು ಇಳಿದಿದ್ದಾರೆ. ಕಟ್ಟಿದ್ದಲ್ಲ, ಬಿಡಿಸಿದ್ದು. ಎಲ್ಲೋರಾ 1983ರಲ್ಲಿ, ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನಮ್ಮ ಐಹೊಳೆ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಇದೆ, ಊರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವ ಮಾತೂ ದಶಕಗಳಿಂದ ನಡೆದಿದೆ.

ಕೈಲಾಸದ ಆನೆಗಳ ಸಾಲಿನ ಹತ್ತಿರ ಸೊಂಡಿಲು ಮುರಿದ ಆನೆಯೊಂದರ ಮುಂದೆ ಅಪ್ಪ ಮೆಲ್ಲಗೆ ಹೇಳಿದ: ‘ತಮ್ಮಾ, ನಮ್ಮ ದನದ ಮನೀ ಹೊಸ್ತಿಲಾ ನೋಡಿಯಲ್ಲ. ಅದು ಗುಡಿ ಕಂಬದ ತುಂಡು. ನಿಮ್ಮ ಮುತ್ಯಾ ತಂದು ಹಾಕಿದ್ದು. ಸಾಹೇಬರು ಮನಿ ನೋಡಾಕ ಬಂದ್ರ ಕಾಣತೈತಿ.’

ಬಾಲ್ಯದಲ್ಲಿ ಆ ಹೊಸ್ತಿಲ ಮೇಲೆ ಕೂತು ಎಷ್ಟೋ ಸಲ ರೊಟ್ಟಿ ತಿಂದಿದ್ದೇನೆ. ಬದಿಯಲ್ಲಿದ್ದ ಹೂಬಳ್ಳಿಯನ್ನು ಬೆರಳಲ್ಲಿ ತೀಡಿದ ನೆನಪಿದೆ. ಸೆಗಣಿ ಸಾರಿಸಿ ಸಾರಿಸಿ ಅರ್ಧ ಮುಚ್ಚಿತ್ತು. ನೂರು ಮೀಟರಿನ ಮೇಲೆ ಆರು ವರ್ಷದಿಂದ ನಾನು ಮಾಡಿದ ಟೀಕೆಯೆಲ್ಲ ಆ ಅಂಗಳದಲ್ಲಿ ಸ್ವಲ್ಪ ಗಂಟಲಲ್ಲೇ ಸಿಕ್ಕಿಕೊಂಡಿತು. ಕಾನೂನು ಒರಟು ಎಂಬ ಅಭಿಪ್ರಾಯ ಈಗಲೂ ಬಿಟ್ಟಿಲ್ಲ. ಆದರೆ ಅದು ಯಾರನ್ನು ಕಂಡು ಒರಟಾಯಿತೋ ಅವರಲ್ಲಿ ನಮ್ಮ ಮುತ್ಯಾ ಕೂಡ ಒಬ್ಬ.

ವಾಪಸು ಬರುವಾಗ ದೌಲತಾಬಾದಿಗೂ ಹೋದೆವು. ಎಲ್ಲೋರಾದಿಂದ ಬರುವ ರಸ್ತೆ ಕೋಟೆಯ ಹಳೆಯ ದಿಲ್ಲಿ ದರವಾಜದೊಳಗೇ ತೂರಿ ಹೋಗುತ್ತದೆ. ಬಸ್ಸೊಂದು ಕಮಾನಿಗೆ ಅಂಗುಲ ಬಿಟ್ಟು ದಾಟಿತು. ಅಪ್ಪ ಉಸಿರು ಬಿಗಿಹಿಡಿದು ನೋಡಿದ. ಕೋಟೆ ಹತ್ತಲಿಲ್ಲ, ಕೆಳಗೆ ಕೂತು ಸೀತಾಫಲ ತಿಂದ.

ಊರಿಗೆ ಹೋದ ಎಂಟನೆಯ ದಿನ ಫೋನ್ ಬಂತು. ಅವ್ವನ ಟ್ರಂಕಿನ ತಳದಲ್ಲಿ, ಸೀರೆಯ ಕೆಳಗೆ ಹಾಸಿದ್ದ ಕಾಗದಗಳಲ್ಲಿ ಅಜ್ಜನ ಹೆಸರಿನ ಕೆಇಬಿ ಬಿಲ್ಲು ಸಿಕ್ಕಿದೆ, 1987ರದ್ದು. ವಾರಸಾಕ್ಕೂ ಅರ್ಜಿ ಕೊಟ್ಟು ಬಂದಿದ್ದಾನೆ.

‘ರಿಪೇರಿ ಅರ್ಜಿ?’ ಎಂದೆ.

‘ನೀ ಬರದು ಕಳಸು, ಸಹಿ ಮಾಡತೀನಿ. ಅದರಾಗ ಹೊಸ್ತಿಲಾ ಕಲ್ಲಿಂದೂ ಬರಿ. ತೊಳದು ಇಟ್ಟೀನಿ, ಹೂವು ಚಂದ ಕಾಣಾಕ್ಹತ್ಯಾವು. ಒಯ್ಯೂದಿದ್ರ ಒಯ್ಯಲಿ. ಈ ಮಳಿಗಾಲಕ್ಕ ಮಾತ್ರ ಒಂದು ದೊಡ್ಡ ತಾಡಪತ್ರಿ ತಗೊಂಡು ಬಾ, ನಾಶಿಕದಾಗ ಚೊಲೊ ಸಿಗತಾವಂತ.’