ಶಿರಾ ಸೀಮೆಯಲ್ಲೊಂದು ಜೇನ್ ಆಸ್ಟೆನ್ ಕಥೆ

ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಅಚ್ಚಾಗಿದ್ದು 1813ರಲ್ಲಿ. ಇಂಗ್ಲೆಂಡಿನಲ್ಲಿ ಆಗ ರೀಜೆನ್ಸಿ ಕಾಲ: ರಾಜನಿಗೆ ಕಾಯಿಲೆ, ಮಗನ ಕೈಯಲ್ಲಿ ಆಡಳಿತ. ನಮ್ಮ ಮೈಸೂರಲ್ಲೂ ಹೆಚ್ಚುಕಡಿಮೆ ಹಾಗೇ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗು. ರಾಜ್ಯ ನಡೆಸಿದ್ದು ದಿವಾನ್ ಪೂರ್ಣಯ್ಯ.

ಆ ಕಾಲದ ಕಥೆ ಬರೆಯೋಕೆ ಲಂಡನ್ನೇ ಯಾಕೆ ಬೇಕು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇದಾವಲ್ಲ!

ಆಸ್ಟೆನ್ ಕಥೆಯಲ್ಲಿ ಪ್ರೇಮದ ಕೆಳಗೆ ಆಸ್ತಿ ಇದೆ. ಬೆನೆಟ್ ಮನೇಲಿ ಐದೂ ಹೆಣ್ಣುಮಕ್ಕಳು. ಅಪ್ಪ ಹೋದ್ರೆ ಜಮೀನೆಲ್ಲ ಕಾಲಿನ್ಸ್ ಅನ್ನೋ ದಾಯಾದಿಗೆ. ನಮ್ಮಲ್ಲೂ ಪಾಲಾಗದ ಕೂಡುಕುಟುಂಬದಲ್ಲಿ, ಗಂಡುಮಗನಿಲ್ಲದ ಅಪ್ಪ ತೀರಿಕೊಂಡ್ರೆ ಅವನ ಭಾಗ ಅಣ್ಣತಮ್ಮಂದಿರಿಗೆ ಹೋಗ್ತಿತ್ತು. ಕೊರಟಗೆರೆ ಹತ್ತಿರ ಕೆರೆ ಕೆಳಗಿನ ಗದ್ದೆ, ಮೂವರು ಹೆಣ್ಣುಮಕ್ಕಳು, ಮಧುಗಿರಿಗೆ ಹೊಸದಾಗಿ ಬಂದ ಅಮಲ್ದಾರರಿಗೊಬ್ಬ ಮಗ. ಕಥೆ ಶುರು!

ಆದ್ರೆ ಒಂದು ತೊಡಕಿದೆ. ಆಗ ಮದುವೆ ಚಿಕ್ಕ ವಯಸ್ಸಲ್ಲೇ. ಬೆನೆಟ್ ಮನೆಯ ಎಲಿಜಬೆತ್ ಥರ ಇಪ್ಪತ್ತರ ಹುಡುಗಿ ತಾನೇ ನಿಂತು ವರನನ್ನ ಬೇಡ ಅನ್ನೋದನ್ನ ಓದುಗರು ನಂಬಲ್ಲ. ಆ ದಿಟ್ಟ ಮಾತನ್ನ ಅವಳ ಅಮ್ಮನಿಗೆ ಕೊಡಿ, ಇಲ್ಲಾ ಸೋದರತ್ತೆಗೆ ಕೊಡಿ. ನನಗಂತೂ ಸೋದರತ್ತೆಯೇ ಇಷ್ಟ: ಎರಡೂ ಮನೆಯ ಲೆಕ್ಕ ಗೊತ್ತಿರೋಳು ಅವಳೇ.

ದಾರಿ ಹೊಸದೇನಲ್ಲ. ಎಂ. ಎಸ್. ಪುಟ್ಟಣ್ಣನವರು 1915ರಲ್ಲೇ ‘ಮಾಡಿದ್ದುಣ್ಣೋ ಮಹಾರಾಯ’ದಲ್ಲಿ ಮುಮ್ಮಡಿಯವರ ಕಾಲವನ್ನ ಕಾದಂಬರಿಗೆ ತಂದರು. ಇನ್ನು ಬೆಳೆ, ನೇಯ್ಗೆ, ವ್ಯಾಪಾರದ ವಿವರ ಬೇಕಾದ್ರೆ, 1800ರಲ್ಲಿ ಶಿರಾ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದ ಪ್ರವಾಸ ಕಥನ ಇದೆ. ಲಂಡನ್ನಿನಲ್ಲಿ ಅಚ್ಚಾಗಿದ್ದು 1807ರಲ್ಲಿ. ಮೊದಲ ಅಧ್ಯಾಯಕ್ಕೆ ಕೂರೋ ಮುಂಚೆ ಶಿರಾದ ಪುಟಗಳನ್ನ ಓದಿ.