ಪಝಲ್ ಗೇಮ್‌ಗೆ ನೀವೇ ಲೆವೆಲ್ ಮಾಡಿದ್ದೀರಾ? ಸ್ಪರ್ಧೆಗೆ ಕಳಿಸುವ ಮುನ್ನ ಇನ್ನೊಬ್ಬರ ಕೈಗೆ ಕೊಡಿ

ಒಂದು ಗೋದಾಮು, ನಾಲ್ಕು ಪೆಟ್ಟಿಗೆ, ನೆಲದ ಮೇಲೆ ನಾಲ್ಕು ಗುರುತು. ಪೆಟ್ಟಿಗೆಗಳನ್ನು ತಳ್ಳಿಕೊಂಡು ಹೋಗಿ ಗುರುತಿನ ಮೇಲೆ ನಿಲ್ಲಿಸಿದರೆ ಆಟ ಮುಗಿಯಿತು. ಎರಡು ವಾರ ರಾತ್ರಿ ಪಾಳಿ ಮುಗಿಸಿ ಬಂದು ಕೂತು ನಾನು ಮಾಡಿದ ಲೆವೆಲ್ ಇದು. ಬಿಡಿಸಲು ಯಾರಿಗಾದರೂ ಅರ್ಧ ಗಂಟೆಯಾದರೂ ಬೇಕು ಎಂದೇ ನಂಬಿದ್ದೆ. ಗೇಮ್ ಪ್ರಿಯರ ಒಂದು ಸಣ್ಣ ಬಳಗ ನಡೆಸುವ ಸ್ಪರ್ಧೆಗೆ ಕಳಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಒಬ್ಬರು ಅದನ್ನು ಒಂದೂವರೆ ನಿಮಿಷದಲ್ಲಿ ಬಿಡಿಸಿ, ಆಟದ ರೆಕಾರ್ಡಿಂಗ್ ಕೂಡ ಹಾಕಿದ್ದರು. ನಾನು ಕಷ್ಟಪಟ್ಟು ಕಟ್ಟಿದ್ದ ದಾರಿಯಲ್ಲಿ ಅವರು ಕಾಲೇ ಇಟ್ಟಿರಲಿಲ್ಲ!

ಇಂಥ ಸ್ಪರ್ಧೆಗಳ ಬಗ್ಗೆ ಕನ್ನಡದಲ್ಲಿ ಅಷ್ಟಾಗಿ ಯಾರೂ ಬರೆಯುವುದಿಲ್ಲ. ಆದರೆ ಆಟವಾಡುತ್ತಾ ಬೆಳೆದು, ಈಗ ತಮ್ಮದೇ ಲೆವೆಲ್ ಮಾಡಿ ನೋಡುವ ಹುಡುಗ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಅವರಿಗಾಗಿ, ಮತ್ತು ಇದೇನು ಹುಚ್ಚು ಎಂದು ಕೇಳುವ ಅವರ ಅಪ್ಪ ಅಮ್ಮಂದಿರಿಗಾಗಿ, ಒಂದಿಷ್ಟು ವಿವರ ಇಲ್ಲಿದೆ.

ತಳ್ಳಬಹುದು, ಎಳೆಯುವಂತಿಲ್ಲ

ನಾನು ಹೇಳುತ್ತಿರುವುದು ಸೊಕೊಬಾನ್ ಎಂಬ ಆಟದ ಬಗ್ಗೆ. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಗೋದಾಮು ಕಾಯುವವನು ಎಂದರ್ಥ. ಹಿರೋಯುಕಿ ಇಮಾಬಯಾಶಿ ರೂಪಿಸಿದ ಈ ಆಟವನ್ನು ಥಿಂಕಿಂಗ್ ರ್‍ಯಾಬಿಟ್ ಎಂಬ ಜಪಾನಿನ ಕಂಪನಿ 1982ರಲ್ಲಿ ಹೊರತಂದಿತು. ಮೊಬೈಲ್‌ನಲ್ಲಿ ಪೆಟ್ಟಿಗೆ ತಳ್ಳುವ ಯಾವುದೇ ಆಟ ಆಡಿದ್ದರೂ ಅದರ ಮೂಲ ಬಹುಮಟ್ಟಿಗೆ ಇದೇ.

ನಿಯಮ ಎರಡೇ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತಳ್ಳಬೇಕು. ತಳ್ಳಬಹುದೇ ಹೊರತು ಎಳೆಯುವಂತಿಲ್ಲ. ಎಲ್ಲ ಕಷ್ಟವೂ ಈ ಎರಡನೇ ನಿಯಮದಿಂದಲೇ ಹುಟ್ಟುತ್ತದೆ. ಪೆಟ್ಟಿಗೆ ಒಮ್ಮೆ ಮೂಲೆಗೆ ಹೋದರೆ ಅದರ ಕಥೆ ಮುಗಿಯಿತು, ಮತ್ತೆ ಹೊರಗೆ ಬರುವುದಿಲ್ಲ. ಗೋಡೆಗೆ ಅಂಟಿಕೊಂಡ ಪೆಟ್ಟಿಗೆಯನ್ನು ಗೋಡೆಯ ಉದ್ದಕ್ಕೂ ಓಡಾಡಿಸಬಹುದು ಅಷ್ಟೇ, ಆ ಗೋಡೆಯ ಸಾಲಿನಲ್ಲಿ ಗುರುತು ಇಲ್ಲದಿದ್ದರೆ ಅದೂ ಹೋದಂತೆ. ನಾಲ್ಕು ಪೆಟ್ಟಿಗೆಗಳು ಒಂದಕ್ಕೊಂದು ತಾಗಿ ಚೌಕವಾಗಿ ನಿಂತರೆ ಯಾವುದನ್ನೂ ಅಲ್ಲಾಡಿಸಲಾಗದು. ತಮಾಷೆಯೆಂದರೆ, ಆಟ ಸತ್ತಿದೆ ಎಂದು ಪರದೆಯ ಮೇಲೆ ಸಾಮಾನ್ಯವಾಗಿ ಯಾವ ಸೂಚನೆಯೂ ಬರುವುದಿಲ್ಲ. ಆಡುವವರು ಇನ್ನೂ ಹತ್ತು ನಿಮಿಷ ಒದ್ದಾಡಿ ತಾವೇ ಕಂಡುಕೊಳ್ಳಬೇಕು.

ಲೆವೆಲ್ ಮಾಡುವುದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ನೋಟ್‌ಪ್ಯಾಡ್ ಸಾಕು. ಗೋಡೆಗೆ ಹ್ಯಾಷ್ ಚಿಹ್ನೆ, ಪೆಟ್ಟಿಗೆಗೆ ಡಾಲರ್, ಗುರುತಿಗೆ ಚುಕ್ಕೆ, ಆಟಗಾರನಿಗೆ ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ. ಹೀಗೆ ಸಾಲುಸಾಲಾಗಿ ಟೈಪ್ ಮಾಡಿದ ಫೈಲನ್ನು ಸೊಕೊಬಾನ್‌ನ ಹೆಚ್ಚಿನ ಆವೃತ್ತಿಗಳು ನೇರವಾಗಿ ಓದುತ್ತವೆ. ಹೊಸ ನಿಯಮಗಳ ಆಟವನ್ನೇ ಮಾಡುವ ಆಸೆ ಇದ್ದರೆ ಸ್ಟೀಫನ್ ಲಾವೆಲ್ 2013ರಲ್ಲಿ ಬಿಡುಗಡೆ ಮಾಡಿದ ಪಝಲ್‌ಸ್ಕ್ರಿಪ್ಟ್ ಇದೆ. ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ.

ಎಲ್ಲಿ ಎಡವಿದೆ?

ನನ್ನ ಲೆವೆಲ್‌ನಲ್ಲಿ ಎಡಗಡೆ ಒಂದು ಕೋಣೆ, ಅದರೊಳಗೆ ನಾಲ್ಕೂ ಗುರುತುಗಳು. ಕೋಣೆಗೆ ಒಂದೇ ಕಿರಿದಾದ ಬಾಗಿಲು, ಬಾಗಿಲಿಗೆ ಅಡ್ಡವಾಗಿ ಒಂದು ಪೆಟ್ಟಿಗೆ. ಈ ಪೆಟ್ಟಿಗೆಯನ್ನು ಪಕ್ಕದ ಸಂದಿಯಲ್ಲಿ ನಿಲ್ಲಿಸಿ, ಉಳಿದ ಮೂರನ್ನು ಒಳಗೆ ಸೇರಿಸಿ, ಇದನ್ನು ಕೊನೆಗೆ ತರಬೇಕು. ಇದು ನನ್ನ ಲೆಕ್ಕಾಚಾರ. ನನ್ನ ತಲೆಯಲ್ಲಿ ಅದಕ್ಕೆ ‘ಬಾಗಿಲ ಪೆಟ್ಟಿಗೆ’ ಎಂದು ಹೆಸರಿತ್ತು, ಅದರದ್ದೇ ಒಂದು ಗುರುತೂ ಇತ್ತು.

ಆದರೆ ಪೆಟ್ಟಿಗೆಗಳಿಗೆ ಹೆಸರಿಲ್ಲವಲ್ಲ. ಯಾವ ಪೆಟ್ಟಿಗೆ ಯಾವ ಗುರುತಿಗೆ ಹೋದರೂ ಆಟಕ್ಕೆ ಒಂದೇ. ಆ ಪುಣ್ಯಾತ್ಮ ಬಾಗಿಲ ಪೆಟ್ಟಿಗೆಯನ್ನು ನೇರವಾಗಿ ಒಳಗೆ ತಳ್ಳುತ್ತಾ ಹೋಗಿ, ನಾನು ಮೂರನೇ ಪೆಟ್ಟಿಗೆಗೆಂದು ಮೀಸಲಿಟ್ಟಿದ್ದ ದೂರದ ಗುರುತಿನ ಮೇಲೆ ನಿಲ್ಲಿಸಿದರು. ಬಾಗಿಲು ತೆರೆಯಿತು. ಮಿಕ್ಕಿದ್ದೆಲ್ಲ ಸಲೀಸು.

ಲೆವೆಲ್ ಮಾಡುವವರಿಗೆ ಇದು ಹಳೆಯ ಶತ್ರು. ಚೆಸ್ ಸಮಸ್ಯೆಗಳನ್ನು ರಚಿಸುವವರು, ತಾವು ಎಣಿಸದ ಪರಿಹಾರ ಹೊರಬಿದ್ದರೆ ಅದನ್ನು ‘ಕುಕ್’ ಎನ್ನುತ್ತಾರೆ. ಚಿಪ್ಸ್ ಚಾಲೆಂಜ್ ಎಂಬ ಇನ್ನೊಂದು ಹಳೆಯ ಪಝಲ್ ಗೇಮ್‌ನ ಬಳಗದಲ್ಲಿ ಇದಕ್ಕೆ ‘ಬಸ್ಟ್’ ಎಂದು ಹೆಸರು. ಎಣಿಸದ ದಾರಿ ನಿಮ್ಮ ದಾರಿಗಿಂತ ಚೆನ್ನಾಗಿದ್ದರೆ ಬಿಟ್ಟುಬಿಡಬಹುದು. ನನ್ನದು ಹಾಗಿರಲಿಲ್ಲ, ಪಝಲ್ ಅನ್ನೇ ಇಲ್ಲವಾಗಿಸಿತ್ತು.

ಕೊನೆಯ ದಿನದವರೆಗೆ ತಿದ್ದಿ ಕಳಿಸಲು ಅವಕಾಶವಿತ್ತು. ಆ ನೇರ ದಾರಿ ಮುಚ್ಚುವಂತೆ ಕೋಣೆಯೊಳಗೆ ಒಂದು ಗೋಡೆ ಸೇರಿಸಿದೆ. ಒಂದೇ ಒಂದು ಚೌಕ. ಮನಸ್ಸಿನಲ್ಲೇ ಆಡಿ ನೋಡಿದೆ, ಸರಿಯಿದೆ ಅನ್ನಿಸಿತು. ಮತ್ತೆ ಕಳಿಸಿಬಿಡುವವಳಿದ್ದೆ. ಈ ಸಲ ಒಂದು ಬುದ್ಧಿ ಮಾಡಿದೆ, ಲ್ಯಾಪ್‌ಟಾಪನ್ನು ರೂಮ್‌ಮೇಟ್ ಮುಂದಿಟ್ಟೆ. ರಾಯಚೂರಿನವಳು, ಗೇಮ್ ಆಡುವ ಅಭ್ಯಾಸ ಅಷ್ಟಿಲ್ಲ. ಮೊದಲ ಐದು ನಿಮಿಷದಲ್ಲೇ, “ಏ, ಇದನ್ನ ಹಿಂದಕ್ಕ ಎಳಿಯಾಕ ಬರಂಗಿಲ್ಲೇನು?” ಎಂದಳು. ನಾನು ಬಾಯಿಬಿಡಲಿಲ್ಲ. ಅವಳು ಒದ್ದಾಡುತ್ತಾ ಹೋದಂತೆ ನನಗೆ ಒಳಗೊಳಗೇ ಖುಷಿ, ಈಗ ನೋಡಿ ಎಷ್ಟು ಕಷ್ಟ ಮಾಡಿದ್ದೀನಿ ಎಂದು. ನಲವತ್ತು ನಿಮಿಷವಾದ ಮೇಲೆ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಸಾಕಾತು ನನಗ. ನೀನೇ ಆಡಿ ತೋರ್ಸು, ನೋಡೋಣು” ಎಂದಳು.

ತೋರಿಸಲು ನನಗೂ ಆಗಲಿಲ್ಲ.

ಪೆಟ್ಟಿಗೆಯನ್ನು ಎಡಕ್ಕೆ ತಳ್ಳಬೇಕಾದರೆ ಅದರ ಬಲಕ್ಕೆ ನಿಲ್ಲಲು ಒಂದು ಚೌಕ ಖಾಲಿ ಇರಬೇಕು. ಕೊನೆಯ ಪೆಟ್ಟಿಗೆಗೆ ನಿಲ್ಲಬೇಕಿದ್ದ ಆ ಚೌಕದಲ್ಲೇ ನಾನು ಗೋಡೆ ಕಟ್ಟಿದ್ದೆ. ಲೆವೆಲ್ ಬಿಡಿಸಲು ಸಾಧ್ಯವೇ ಇರಲಿಲ್ಲ. ಅವಳ ರಜೆಯ ದಿನದ ನಲವತ್ತು ನಿಮಿಷ ನೀರಿಗೆ ಹಾಕಿದಂತಾಯಿತು. ಸುಲಭವಾದ ಲೆವೆಲ್ ಕಳಿಸಿದಾಗ ಬರೀ ನಾಚಿಕೆಯಾಗಿತ್ತು, ಇದು ಮೋಸ ಮಾಡಿದಂತೆ ಅನ್ನಿಸಿತು.

ಸುಮ್ಮನೆ ಕೂರುವುದೇ ಕಷ್ಟ

ಆಡಿಸಿ ನೋಡುವುದಕ್ಕೆ, ಅಂದರೆ ಪ್ಲೇಟೆಸ್ಟಿಂಗ್‌ಗೆ, ಮುಖ್ಯ ನಿಯಮ ಒಂದೇ: ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ಸ್ಪರ್ಧೆಯಲ್ಲಿ ನಿಮ್ಮ ಲೆವೆಲ್ ಆಡುವವರ ಪಕ್ಕದಲ್ಲಿ ನೀವು ಇರುವುದಿಲ್ಲ. ಎಲ್ಲಿ ನಿಂತರು, ಯಾವ ತಪ್ಪನ್ನು ಎರಡೆರಡು ಸಲ ಮಾಡಿದರು, ಎಲ್ಲಿ ಬೇಸರದಿಂದ ಬಟನ್ ಒತ್ತತೊಡಗಿದರು ಎಂಬುದನ್ನು ಬರೆದುಕೊಳ್ಳಿ. “ಹೇಗಿದೆ?” ಎಂದು ಕೇಳಿದರೆ ಗೆಳೆಯರು “ಚೆನ್ನಾಗಿದೆ” ಎಂದೇ ಹೇಳುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ.

ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ. ವಾಲ್ವ್ ಕಂಪನಿಯ 2007ರ ಪೋರ್ಟಲ್ ಆಟದಲ್ಲಿ ಒಂದು ಲೆವೆಲ್ ಇದೆ. ಅಲ್ಲಿ ಒಂದೇ ಪೆಟ್ಟಿಗೆಯನ್ನು ಕೊನೆಯವರೆಗೂ ಜೊತೆಗೆ ಒಯ್ಯಬೇಕು. ಪರೀಕ್ಷೆಗೆ ಕೂತವರು ಅದನ್ನು ದಾರಿಯಲ್ಲೇ ಬಿಟ್ಟು ಹೋಗುತ್ತಿದ್ದರು. ತಯಾರಕರು ಸೂಚನಾ ಫಲಕ ಹಾಕಲಿಲ್ಲ. ಪೆಟ್ಟಿಗೆಯ ಮೇಲೆ ಗುಲಾಬಿ ಬಣ್ಣದ ಹೃದಯ ಬಿಡಿಸಿ, ಇದು ನಿನ್ನ ಸಂಗಾತಿ ಎಂಬಂಥ ಮಾತು ಸೇರಿಸಿದರು. ಯಾರೂ ಬಿಟ್ಟು ಹೋಗಲಿಲ್ಲ. ಆ ಪೆಟ್ಟಿಗೆ ಇವತ್ತು ತುಂಬಾ ಪ್ರಸಿದ್ಧ!

ಹಾಗಾದರೆ ಕಂಪ್ಯೂಟರ್‌ಗೇ ಪರೀಕ್ಷೆಗೆ ಕೊಡಬಹುದಲ್ಲ? ಕೊಡಬಹುದು, ಕೊಡಲೇಬೇಕು. ಸೊಕೊಬಾನ್ ಬಿಡಿಸಲೆಂದೇ ಬರೆದ ಸಾಲ್ವರ್ ಪ್ರೋಗ್ರಾಂಗಳಿವೆ. ನನ್ನದರಂಥ ಸಣ್ಣ ಲೆವೆಲ್‌ಗೆ ಪರಿಹಾರ ಇದೆಯೋ ಇಲ್ಲವೋ ಎಂದು ಕ್ಷಣದಲ್ಲಿ ಹೇಳುತ್ತವೆ. ರೂಮ್‌ಮೇಟನ್ನು ಕೂರಿಸುವ ಮೊದಲೇ ಇದನ್ನು ಮಾಡಿದ್ದರೆ ಅವಳ ರಜೆ ಉಳಿಯುತ್ತಿತ್ತು. ಆದರೆ ಲೆವೆಲ್ ದೊಡ್ಡದಾದಂತೆ ಈ ಪ್ರೋಗ್ರಾಂಗಳೂ ಸುಸ್ತಾಗುತ್ತವೆ. ಈ ಆಟ ಗಣಕ ವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಒಂದು ವರ್ಗಕ್ಕೆ ಸೇರುತ್ತದೆ ಎಂದು ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಜೋಸೆಫ್ ಕಲ್ಬರ್‌ಸನ್ 1997ರಲ್ಲೇ ಸಾಧಿಸಿ ತೋರಿಸಿದ್ದಾರೆ. ಮೇಲಾಗಿ, ಲೆವೆಲ್ ಎಲ್ಲಿ ಬೇಸರ ಹಿಡಿಸುತ್ತದೆ ಎಂದು ಸಾಲ್ವರ್ ಹೇಳುವುದಿಲ್ಲ.

ಇನ್ನೊಂದು ಉಪಾಯ ಹಿಂದಿನಿಂದ ಕಟ್ಟುವುದು. ಪೆಟ್ಟಿಗೆಗಳನ್ನೆಲ್ಲ ಗುರುತಿನ ಮೇಲಿಟ್ಟು, ಒಂದೊಂದನ್ನೇ ಹಿಂದಕ್ಕೆ ಎಳೆಯುತ್ತಾ ಆರಂಭದ ಸ್ಥಿತಿಗೆ ಬರುವುದು. ಹೀಗೆ ಮಾಡಿದ ಲೆವೆಲ್‌ಗೆ ಪರಿಹಾರ ಇದ್ದೇ ಇರುತ್ತದೆ, ಏಕೆಂದರೆ ನೀವು ಬಂದ ದಾರಿಯನ್ನೇ ತಿರುಗಿಸಿದರೆ ಸಾಕು. ಅದೊಂದೇ ದಾರಿ ಎಂಬ ಖಾತ್ರಿ ಮಾತ್ರ ಇಲ್ಲ.

ಬಳಗದವರೇ ಸೇರಿ ಪರೀಕ್ಷೆ ಮಾಡಿದರೆ ಏನಾಗಬಹುದು ಎಂಬುದಕ್ಕೆ ಮೇಲೆ ಹೇಳಿದ ಚಿಪ್ಸ್ ಚಾಲೆಂಜ್ ಒಳ್ಳೆಯ ಉದಾಹರಣೆ. 1989ರಲ್ಲಿ ಬಂದ ಈ ಆಟ ಮುಂದೆ ಮೈಕ್ರೋಸಾಫ್ಟ್‌ನ ಗೇಮ್ ಪ್ಯಾಕ್ ಮೂಲಕ ವಿಂಡೋಸ್‌ಗೂ ಬಂತು. ಅದರ ಅಭಿಮಾನಿಗಳು ತಾವೇ ಮಾಡಿದ ಲೆವೆಲ್‌ಗಳನ್ನು ಪರಸ್ಪರ ಆಡಿ, ಮತ ಹಾಕಿ, ಆರಿಸಿ 149 ಲೆವೆಲ್‌ಗಳ ಕಟ್ಟುಗಳನ್ನು ಹೊರತರುತ್ತಾ ಬಂದಿದ್ದಾರೆ. 2014ರ ಕಟ್ಟನ್ನು ಹೊಸಬರಿಗೆ ಹೆದರಿಕೆಯಾಗದಂತೆ ಬೇಕೆಂದೇ ಸುಲಭವಾಗಿ ಶುರು ಮಾಡಿದರು. ಕಷ್ಟದ ಲೆವೆಲ್ ಮಾಡುವವರಿಗೆ ಅಲ್ಲಿ ಕೊರತೆ ಇರಲಿಲ್ಲ. ಒಳ್ಳೆಯ ಸುಲಭ ಲೆವೆಲ್ ಮಾಡುವುದು ಅದಕ್ಕಿಂತ ಕಷ್ಟ ಎಂದು ನನಗೆ ಈಗ ಅನ್ನಿಸುತ್ತದೆ.

ನನ್ನ ಲೆವೆಲ್ ವಿಷಯಕ್ಕೆ ಬಂದರೆ, ಹೊಸ ಗೋಡೆ ಕಿತ್ತು, ದೂರದ ಗುರುತನ್ನೇ ಒಂದು ಚೌಕ ಪಕ್ಕಕ್ಕೆ ಸರಿಸಿದೆ. ಮೊದಲು ಸಾಲ್ವರ್‌ಗೆ ಕೊಟ್ಟೆ, ಪರಿಹಾರ ಇದೆ ಎಂದಿತು. ಆಮೇಲೆ ಪುಣೆಯಲ್ಲಿರುವ ದೊಡ್ಡಪ್ಪನ ಮಗನಿಗೆ ಕಳಿಸಿದೆ. ಅಣ್ಣ ಇಂಥ ಆಟಗಳಲ್ಲಿ ಪಳಗಿದವನು, ಆರು ನಿಮಿಷದಲ್ಲಿ ಬಿಡಿಸಿದ. ಅರ್ಧ ಗಂಟೆಯ ನನ್ನ ಕನಸು ಅಲ್ಲಿಗೆ ಮುಗಿಯಿತು, ಆದರೆ ಅವನು ಹೋದದ್ದು ನಾನು ಎಣಿಸಿದ ದಾರಿಯಲ್ಲೇ. ರೂಮ್‌ಮೇಟನ್ನು ಮತ್ತೆ ಕೇಳುವ ಧೈರ್ಯ ಇರಲಿಲ್ಲ. ಅವಳೇ ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಇಪ್ಪತ್ತೆರಡು ನಿಮಿಷ. ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ, ಪಟ್ಟಿಯಲ್ಲಿ ಎಲ್ಲೋ ನಡುವೆ ಬಂತು. ಮೊದಲ ಸಲ ಒಂದೂವರೆ ನಿಮಿಷದಲ್ಲಿ ಮುಗಿಸಿದ್ದ ಆ ವ್ಯಕ್ತಿ ಈ ಸಲ ಹನ್ನೊಂದು ನಿಮಿಷ ತೆಗೆದುಕೊಂಡರು.